ಘಾಟಿ ಹತ್ತುವ ಗಾಡಿಯ ಮಡ್‌ಫ್ಲ್ಯಾಪ್ ಸೈಲೆನ್ಸರ್ ಬಿಸಿಗೆ ಸುಡದಂತೆ ನೋಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಜೀಪು ಅಥವಾ ಪಿಕಪ್ ಗಾಡಿಗೆ ಸಣ್ಣ ಟ್ರೇಲರ್ ಕಟ್ಟಿಕೊಂಡು ಓಡಾಡುವುದು ಮೊದಲಿನಿಂದಲೂ ಇದೆ. ಔಷಧಿ ಹೊಡೆಯುವ ಎಂಜಿನ್ ಮತ್ತು ಡ್ರಮ್ಮು, ಜನರೇಟರ್, ಅಡಿಕೆ ಬೇಯಿಸುವ ಹಂಡೆ, ಗೊಬ್ಬರದ ಚೀಲ ಎಲ್ಲವೂ ಆ ಟ್ರೇಲರ್‌ನಲ್ಲೇ ಸಾಗುತ್ತವೆ. ಗಾಡಿಯ ಹಿಂದಿನ ಚಕ್ರಗಳು ಎರಚುವ ಕೆಸರು ಮತ್ತು ಜಲ್ಲಿ ಟ್ರೇಲರ್‌ನ ಮುಂಭಾಗಕ್ಕೆ ನೇರವಾಗಿ ಬಡಿಯುವುದರಿಂದ, ಚಕ್ರದ ಹಿಂದೆ ಕೆಸರು ತಡೆಯಲು ಕಂಪನಿಯಿಂದಲೇ ಬಂದ ಸಣ್ಣ ರಬ್ಬರ್ ಹಾಳೆಯನ್ನು, ಅಂದರೆ ಮಡ್‌ಫ್ಲ್ಯಾಪನ್ನು, ತೆಗೆದು ಅಗಲವಾದದ್ದನ್ನು ಹಾಕಿಸುವವರು, ಅಥವಾ ಟ್ರೇಲರ್ ಕಟ್ಟುವ ಕೊಂಡಿಯಾದ ಹಿಚ್‌ನ ಕಬ್ಬಿಣಕ್ಕೆ ಗಾಡಿಯ ಅಗಲಕ್ಕೂ ಬರುವಂತೆ ಒಂದೇ ರಬ್ಬರ್ ಹಾಳೆ ಇಳಿಬಿಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹೀಗೆ ಅಗಲವಾದ ರಬ್ಬರ್ ಸೈಲೆನ್ಸರ್ ಪೈಪಿನ ಬಾಯಿಗೆ ಹತ್ತಿರವಾದಾಗ ಏನಾಗುತ್ತದೆ, ಅದನ್ನು ತಡೆಯಲು ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಈ ವಿಷಯ ನನಗೆ ಮುಖ್ಯವೆನಿಸಿದ್ದು ಹುಲಿಕಲ್ ಘಾಟಿಯಲ್ಲಿ. ಘಾಟಿಯ ಕೆಳಗಿನ ಸಿದ್ದಾಪುರದ ಕಡೆಯಿಂದ ಜನರೇಟರ್ ಹೇರಿದ ಟ್ರೇಲರ್ ಎಳೆದುಕೊಂಡು ಮಾಸ್ತಿಕಟ್ಟೆಯತ್ತ ಹತ್ತುತ್ತಿದ್ದಾಗ ರಬ್ಬರ್ ಸುಟ್ಟ ವಾಸನೆ ಬಂತು. ಕ್ಲಚ್ ಇರಬೇಕೆಂದುಕೊಂಡು ಸ್ವಲ್ಪ ದೂರ ಹಾಗೆಯೇ ಹೋದೆ. ಅಗಲವಾದ ಜಾಗದಲ್ಲಿ ನಿಲ್ಲಿಸಿ ನೋಡಿದರೆ ಮಡ್‌ಫ್ಲ್ಯಾಪಿನ ಒಳ ಅಂಚು ಅಂಗೈ ಅಗಲದಷ್ಟು ಕರಗಿ, ಪೈಪಿನ ಬಾಯಿಗೆ ಅಂಟಿಕೊಂಡು ಹೊಗೆಯಾಡುತ್ತಿತ್ತು. ಮನೆಯಂಗಳದಲ್ಲಿ ಅದನ್ನು ಕೂರಿಸುವಾಗ ನಾನೇ ಅಳತೆ ಪಟ್ಟಿ ಹಿಡಿದು ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಇದೆಯೆಂದು ಖಚಿತಪಡಿಸಿಕೊಂಡಿದ್ದೆ. ಅಂಗಳದಲ್ಲಿ ಖಾಲಿ ಗಾಡಿಯಲ್ಲಿ ಅಳೆದ ಅಂತರವೇ ಬೇರೆ, ಭಾರ ಹೇರಿ ಘಾಟಿ ಹತ್ತುವಾಗ ಉಳಿಯುವ ಅಂತರವೇ ಬೇರೆ ಎಂಬುದು ಅಂದು ತಿಳಿಯಿತು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡೇ ಇವೆ.

ಬಿಸಿ ಎಲ್ಲಿಂದ ಬರುತ್ತದೆ

ಸಮತಟ್ಟಾದ ರಸ್ತೆಯಲ್ಲಿ ಖಾಲಿ ಓಡುವ ಗಾಡಿಯ ಪೈಪಿನ ಬಾಯಿಯಲ್ಲಿ ಹೊಗೆ ಅಷ್ಟೇನೂ ಬಿಸಿಯಾಗಿರುವುದಿಲ್ಲ, ಸುತ್ತ ಬೀಸುವ ಗಾಳಿಯೂ ರಬ್ಬರನ್ನು ತಂಪಾಗಿಡುತ್ತದೆ. ಟ್ರೇಲರ್ ಎಳೆದುಕೊಂಡು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಎರಡೂ ತಿರುಗುಮುರುಗಾಗುತ್ತವೆ. ಎಂಜಿನ್ ಹೆಚ್ಚು ಡೀಸೆಲ್ ಸುಡುತ್ತದೆ, ಗಾಡಿಯ ವೇಗ ಕಡಿಮೆಯಾಗಿ ಗಾಳಿ ನಿಲ್ಲುತ್ತದೆ, ಪೈಪಿನ ಬಾಯಿಯಲ್ಲೇ ಹೊಗೆ 200 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಭಾರದೊಡನೆ ಹತ್ತಿದವರಿಗೆ ಈ ಸ್ಥಿತಿ ಎಷ್ಟು ಹೊತ್ತು ಮುಂದುವರಿಯುತ್ತದೆಂದು ಗೊತ್ತಿರುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಗಾಡಿಗಳ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಇನ್ನೊಂದು ಕಾರಣ ಸೇರಿಕೊಂಡಿದೆ. ಹೊಸ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಗಾಡಿ ತಾನಾಗಿಯೇ ಹೆಚ್ಚು ಡೀಸೆಲ್ ಕಳುಹಿಸಿ, ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಬಿಸಿ ಹುಟ್ಟಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಆ ಹೊತ್ತಿನಲ್ಲಿ ಪೈಪಿನಿಂದ ಬರುವ ಹೊಗೆ ಎಂದಿಗಿಂತ ಬಹಳ ಬಿಸಿಯಾಗಿರುತ್ತದೆ. ಹಳೆಯ ಜೀಪಿಗೆ ಹೊಂದಿದ ಮಡ್‌ಫ್ಲ್ಯಾಪಿನ ಅಳತೆಯನ್ನೇ ಹೊಸ ಪಿಕಪ್‌ಗೂ ಇಟ್ಟವರಿಗೆ ತೊಂದರೆಯಾಗುವುದು ಇಲ್ಲಿಯೇ.

ಸಾಮಾನ್ಯ ರಬ್ಬರ್ 70–80 ಡಿಗ್ರಿಯ ಮೇಲೆ ಹೆಚ್ಚು ಕಾಲ ಉಳಿದರೆ ಗಡುಸಾಗಿ ಬಿರುಕು ಬಿಡಲು ಶುರುವಾಗುತ್ತದೆ. ಪಿವಿಸಿ ಹಾಳೆ ಅದೇ ಸುಮಾರಿಗೆ ಮೆತ್ತಗಾಗಿ ಸುರುಟಿಕೊಳ್ಳುತ್ತದೆ. ಕಾರಿನ ರೇಡಿಯೇಟರ್ ಹೋಸುಗಳಿಗೆ ಬಳಸುವ ಇಪಿಡಿಎಂ ರಬ್ಬರ್ 120 ಡಿಗ್ರಿಯವರೆಗೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ನೇರ ಹೊಗೆಯ ಬಿಸಿಯನ್ನು ಇವುಗಳಲ್ಲಿ ಯಾವುದೂ ತಡೆಯಲಾರದು. ದುಬಾರಿ ರಬ್ಬರ್ ತಂದರೆ ಸಾಕು, ಅಂತರದ ಚಿಂತೆ ಬೇಡ ಎನ್ನುವುದು ತಪ್ಪು ಲೆಕ್ಕ.

ಮೊದಲ ಹೆಜ್ಜೆ: ಭಾರ ಹೇರಿಯೇ ಅಳೆಯಿರಿ

ಗಾಡಿಗೆ ಟ್ರೇಲರ್ ಕಟ್ಟಿ, ಟ್ರೇಲರ್‌ಗೂ ಗಾಡಿಗೂ ನೀವು ನಿಜವಾಗಿ ಒಯ್ಯುವಷ್ಟು ಭಾರ ಹೇರಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಪೂರ್ತಿ ತಣಿದ ಮೇಲೆ ಅಳತೆ ತೆಗೆದುಕೊಳ್ಳಬೇಕು. ಹಿಚ್ ಮೇಲೆ ಭಾರ ಬಿದ್ದಾಗ ಗಾಡಿಯ ಹಿಂಭಾಗ ಕೂರುತ್ತದೆ. ಆಗ ಮಡ್‌ಫ್ಲ್ಯಾಪಿನ ಕೆಳ ಅಂಚು ನೆಲಕ್ಕೆ ಹತ್ತಿರವಾಗುತ್ತದೆ, ಗುಂಡಿ ಅಥವಾ ಏರು ಬಂದಲ್ಲಿ ನೆಲಕ್ಕೆ ತಾಗಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಪೈಪಿನ ಬಾಯಿ ಮಡ್‌ಫ್ಲ್ಯಾಪಿನ ಹಿಂದೆ ಇರುವ ಗಾಡಿಗಳಲ್ಲಿ ಆ ಮಡಿಕೆ ನೇರವಾಗಿ ಪೈಪಿನ ಮೇಲೆಯೇ ಹೋಗಿ ಕೂರುತ್ತದೆ. ಭಾರ ಹೇರಿದಾಗಲೂ ಕೆಳ ಅಂಚಿಗೂ ನೆಲಕ್ಕೂ ಕನಿಷ್ಠ 15 ಸೆಂಟಿಮೀಟರ್ ಉಳಿಯುವಂತೆ ನಾನು ಇಟ್ಟುಕೊಳ್ಳುತ್ತೇನೆ. ತೋಟದ ಒಳದಾರಿಯಲ್ಲಿ ಉಬ್ಬುತಗ್ಗು ಹೆಚ್ಚಿದ್ದರೆ ಇನ್ನೂ ಸ್ವಲ್ಪ ಮೇಲೆ ಕತ್ತರಿಸುವುದು ಒಳ್ಳೆಯದು.

ಬಳಿಕ ಪೈಪನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಸೈಲೆನ್ಸರ್ ಗಾಡಿಗೆ ಬಿಗಿಯಾಗಿ ಕಟ್ಟಿದ ವಸ್ತುವಲ್ಲ, ಅದು ರಬ್ಬರ್ ಹ್ಯಾಂಗರುಗಳಲ್ಲಿ ತೂಗಾಡುತ್ತಿರುತ್ತದೆ. ನನ್ನ ಗಾಡಿಯಲ್ಲಿ ಆದ ಅನಾಹುತಕ್ಕೆ ಅರ್ಧ ಕಾರಣ ಅದೇ ಆಗಿತ್ತು. ಗ್ಯಾರೇಜಿನ ಹುಡುಗ ಕೆಳಗೆ ಮಲಗಿ ನೋಡಿ, "ಅಣ್ಣಾ, ಹಿಂದಿನ ಹ್ಯಾಂಗರ್ ರಬ್ಬರ್ ಹರಿದು ಹೋಗಿದೆ, ಪೈಪು ನಾಲ್ಕು ಬೆರಳು ಆಡ್ತಾ ಇದೆ" ಅಂದಾಗಲೇ ನನ್ನ ಅಳತೆ ಎಲ್ಲಿ ತಪ್ಪಿತೆಂದು ಗೊತ್ತಾಗಿದ್ದು. ಹ್ಯಾಂಗರ್ ರಬ್ಬರಿನ ಬೆಲೆ ಮಡ್‌ಫ್ಲ್ಯಾಪಿನ ಬೆಲೆಗೆ ಹೋಲಿಸಿದರೆ ಬಹಳ ಕಡಿಮೆ. ಬಿರುಕು ಕಂಡರೆ ಬೇರೆ ಯಾವ ಕೆಲಸಕ್ಕೂ ಮುನ್ನ ಅದನ್ನು ಬದಲಿಸಿ. ಪೈಪು ಎಷ್ಟು ಆಡುತ್ತದೋ ಅಷ್ಟನ್ನು ಕಳೆದ ಮೇಲೆ, ಪೈಪಿನ ಬಾಯಿಗೂ ರಬ್ಬರಿಗೂ ನಡುವೆ 15 ಸೆಂಟಿಮೀಟರ್ ಉಳಿದರೆ ಹಳೆಯ ಗಾಡಿಗಳಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಡಿಪಿಎಫ್ ಇರುವ ಗಾಡಿಗೆ, ಅಥವಾ ಹೊಗೆ ನೇರವಾಗಿ ರಬ್ಬರಿನತ್ತಲೇ ಮುಖ ಮಾಡಿರುವ ಗಾಡಿಗೆ, ಇಷ್ಟು ಸಾಲದೆಂದೇ ತಿಳಿದು ಮುಂದಿನ ಹೆಜ್ಜೆಗಳಿಗೆ ಹೋಗಬೇಕು.

ಎರಡನೇ ಹೆಜ್ಜೆ: ಸುಣ್ಣ ಬಳಿದು ಪರೀಕ್ಷಿಸಿ

ಗಾಡಿ ಓಡುವಾಗ ಹಿಂದೆ ಕುಳಿತು ನೋಡಲು ಸಾಧ್ಯವಿಲ್ಲ, ನೋಡಲು ಯತ್ನಿಸಲೂ ಬಾರದು. ಇದಕ್ಕೆ ಸುಲಭವಾದ ದಾರಿಯೊಂದಿದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಪ್ರತಿ ತೋಟದ ಮನೆಯಲ್ಲೂ ಸುಣ್ಣ ಇದ್ದೇ ಇರುತ್ತದೆ. ಅದನ್ನು ತೆಳ್ಳಗೆ ಕಲಸಿ, ಪೈಪಿಗೆ ಎದುರಾಗಿರುವ ಮಡ್‌ಫ್ಲ್ಯಾಪಿನ ಮುಖಕ್ಕೆ ಬಳಿದು ಒಣಗಲು ಬಿಡಿ. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಮಳೆಯಿಲ್ಲದ ದಿನ ನೋಡಿಕೊಂಡು, ಭಾರ ಹೇರಿದ ಟ್ರೇಲರ್‌ನೊಡನೆ ಒಂದಷ್ಟು ಏರು ಇರುವ ದಾರಿಯಲ್ಲಿ 10–15 ಕಿಲೋಮೀಟರ್ ಹೋಗಿ ಬನ್ನಿ.

ಮರಳಿ ಬಂದಾಗ ಬಿಳಿಯ ಮೇಲೆ ಎರಡು ಬಗೆಯ ಗುರುತು ಕಾಣಬಹುದು. ಮಸಿಯ ಕಪ್ಪು ಅಥವಾ ಕಂದು ವೃತ್ತ ಇದ್ದರೆ ಹೊಗೆ ಅಲ್ಲಿಗೆ ನೇರವಾಗಿ ಬಡಿಯುತ್ತಿದೆ ಎಂದರ್ಥ. ಸುಣ್ಣ ಉಜ್ಜಿ ಹೋಗಿ ರಬ್ಬರ್ ಕಾಣುತ್ತಿದ್ದರೆ ಅಲ್ಲಿ ಪೈಪು ತಾಗುತ್ತಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಹೊಗೆ ಬಡಿಯುವಲ್ಲಿ ತಗಡಿನ ಮರೆ ಬೇಕು, ಇಲ್ಲವೇ ರಬ್ಬರನ್ನು ಕತ್ತರಿಸಬೇಕು. ಪೈಪು ತಾಗುವಲ್ಲಿ ರಬ್ಬರ್ ಹಾರದಂತೆ ಹಿಡಿದಿಡಬೇಕು. ಡಿಪಿಎಫ್ ಇರುವ ಗಾಡಿಯಲ್ಲಿ ಮಸಿ ಬರುವುದಿಲ್ಲವಾದ್ದರಿಂದ ಕಪ್ಪು ವೃತ್ತಕ್ಕಾಗಿ ಕಾಯಬೇಡಿ. ಅಲ್ಲಿ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಉಪಯೋಗಕ್ಕೆ ಬರುತ್ತದೆ. ಏರು ಮುಗಿದು ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿದ ಕೂಡಲೇ, ಸುಣ್ಣವಿಲ್ಲದ ಕಪ್ಪು ರಬ್ಬರಿನ ಮೇಲ್ಮೈಗೆ ಅದನ್ನು ಹಿಡಿಯಿರಿ. ಹೊಳೆಯುವ ಸ್ಟೀಲಿಗೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಆ ಅಂಕಿಯನ್ನು ನಂಬಿ ಪೈಪನ್ನು ಮುಟ್ಟಿದರೆ ಕೈ ಸುಡುತ್ತದೆ. ರಬ್ಬರಿನ ಮೇಲೆ 70 ಡಿಗ್ರಿಗಿಂತ ಹೆಚ್ಚು ಕಂಡರೆ ಸುಮ್ಮನಿರುವಂತಿಲ್ಲ.

ಮೂರನೇ ಹೆಜ್ಜೆ: ರಬ್ಬರ್ ಹಾರದಂತೆ ಹಿಡಿದಿಡಿ

ವೇಗ ಹೆಚ್ಚಿದಂತೆ ಗಾಳಿ ಮಡ್‌ಫ್ಲ್ಯಾಪನ್ನು ಹಿಂದಕ್ಕೆ ಎತ್ತುತ್ತದೆ. ಶಿವಮೊಗ್ಗದಿಂದ ಭದ್ರಾವತಿಯ ಕಡೆಗಿನ ನೇರ ರಸ್ತೆಯಲ್ಲಿ ಹೋಗುವಾಗ ಇದು ಹೆಚ್ಚು. ತೆಳ್ಳಗಿನ ಹಾಳೆಯಾದರಂತೂ ಬಾವುಟದಂತೆ ಹಾರುತ್ತದೆ. ಮಡ್‌ಫ್ಲ್ಯಾಪಿನ ಹಿಂಬದಿಗೆ, ಮೇಲಿನ ಪಟ್ಟಿಯಿಂದ ಅರ್ಧದಷ್ಟು ಕೆಳಗಿನವರೆಗೆ ಬರುವಂತೆ 8 ಮಿಲಿಮೀಟರ್ ದಪ್ಪದ ಕಬ್ಬಿಣದ ಸರಳನ್ನು ಬಾಗಿಸಿ ಕೂರಿಸಿದರೆ ರಬ್ಬರ್ ಅದಕ್ಕೆ ಒರಗಿ ನಿಲ್ಲುತ್ತದೆ. ಸರಳನ್ನು ಕೆಳ ಅಂಚಿನವರೆಗೂ ಇಳಿಸಬಾರದು. ರಿವರ್ಸ್ ತೆಗೆದುಕೊಳ್ಳುವಾಗ ಕಲ್ಲಿಗೋ ದಿಬ್ಬಕ್ಕೋ ತಾಗಿ ಅದು ಬಾಗಿ ಟೈರಿನತ್ತ ಬರಬಹುದು. ಸರಪಳಿ ಹಾಕಿ ಕೆಳಗಿನ ಮೂಲೆಯನ್ನು ಮುಂದಕ್ಕೆ ಎಳೆದು ಕಟ್ಟುವವರೂ ಇದ್ದಾರೆ. ಕೆಸರಿನ ದಾರಿಯಲ್ಲಿ ಆ ಸರಪಳಿಗೆ ಕಡ್ಡಿ, ಬಳ್ಳಿ ಸಿಕ್ಕಿಕೊಳ್ಳುವುದನ್ನು ಕಂಡಿರುವುದರಿಂದ ನನಗೆ ಸರಳೇ ಮೇಲೆನಿಸುತ್ತದೆ.

ಕನ್ವೇಯರ್ ಬೆಲ್ಟಿನ ತುಂಡನ್ನು ಮಡ್‌ಫ್ಲ್ಯಾಪ್ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ದಪ್ಪ ಮತ್ತು ತೂಕ ಇರುವುದರಿಂದ ಅದು ಹಾರುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಅದರ ಒಳಗೆ ಬಟ್ಟೆಯ ಪದರಗಳಿರುತ್ತವೆ, ಬಿಸಿಗೆ ರಬ್ಬರ್ ಬಿರಿದ ಮೇಲೆ ಆ ಪದರಗಳು ನೀರು ಹೀರಿಕೊಂಡು ಬಿಚ್ಚಿಕೊಳ್ಳುತ್ತವೆ. ತೂಕಕ್ಕೆ ತಕ್ಕಂತೆ ಅಗಲವಾದ ವಾಷರ್ ಪಟ್ಟಿಯನ್ನೂ ಕೊಡಬೇಕು, ಇಲ್ಲದಿದ್ದರೆ ಬೋಲ್ಟಿನ ತೂತು ಹರಿದು ಹಾಳೆ ಒಂದು ಬದಿಗೆ ಜೋಲುತ್ತದೆ, ಜೋತ ಬದಿ ಪೈಪಿನ ಕಡೆಯದೇ ಆಗಿದ್ದರೆ ಮತ್ತೆ ಅದೇ ಕಥೆ.

ನಾಲ್ಕನೇ ಹೆಜ್ಜೆ: ಪೈಪಿಗೆ ದಾರಿ ಬಿಡಿ, ಇಲ್ಲವೇ ತಗಡಿನ ಮರೆ ಕೊಡಿ

ಗಾಡಿಯ ಅಗಲಕ್ಕೂ ಇಳಿಬಿಟ್ಟ ಹಾಳೆಯಾದರೆ ಹೊಗೆ ಹೋಗುವ ಜಾಗದಲ್ಲಿ ರಬ್ಬರನ್ನು ಕತ್ತರಿಸಿ ಬಿಡುವುದೇ ಅತ್ಯಂತ ಸರಳವಾದ ಮತ್ತು ಹೆಚ್ಚು ಕಾಲ ಬಾಳುವ ಪರಿಹಾರ. ಪೈಪಿನ ಎರಡೂ ಬದಿಗೆ ಕನಿಷ್ಠ 8 ಸೆಂಟಿಮೀಟರ್ ಬಿಡುವು ಬರುವಂತೆ, ಹೊಗೆ ಮೇಲಕ್ಕೆ ಏರುವುದರಿಂದ ಮೇಲ್ಬದಿಗೆ ಇನ್ನೂ ಹೆಚ್ಚು ಬಿಡುವು ಬರುವಂತೆ ಕತ್ತರಿಸಿ. ಮೂಲೆಗಳನ್ನು ಚೌಕವಾಗಿ ಬಿಡದೆ ದುಂಡಗೆ ತೆಗೆಯಬೇಕು, ಚೌಕದ ಮೂಲೆಯಿಂದಲೇ ರಬ್ಬರ್ ಸೀಳಲು ಶುರುವಾಗುತ್ತದೆ. ಪೈಪು ಟೈರಿನ ನೇರಕ್ಕೆ ಇಲ್ಲದಿದ್ದರೆ ಆ ಬಿಡುವಿನಿಂದ ಟ್ರೇಲರ್‌ಗೆ ಹೆಚ್ಚು ಕಲ್ಲು ಬೀಳುವುದಿಲ್ಲ.

ಪೈಪು ಚಕ್ರದ ಹಿಂದೆಯೇ ಇದ್ದು ಕತ್ತರಿಸಲು ಬಾರದಿದ್ದಾಗ ತಗಡಿನ ಮರೆ ಬೇಕು. ಇದಕ್ಕೆ 1 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಯನ್ನೇ ನಾನು ಹೇಳುತ್ತೇನೆ. ಅಲ್ಯೂಮಿನಿಯಂ ಹಗುರ, ಬಿಸಿಯನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಒಣ ಊರಿನಲ್ಲಿ ಅದೇ ಮೇಲಾಗಬಹುದು. ಆದರೆ ನಾಲ್ಕು ತಿಂಗಳು ಬಿಡದೆ ನೆನೆಯುವ ನಮ್ಮ ಕಡೆ ಕಬ್ಬಿಣದ ಬೋಲ್ಟಿಗೆ ತಾಗಿದಲ್ಲೆಲ್ಲ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಹಾಳೆಯ ಅಗಲ ಸುಣ್ಣದ ಪರೀಕ್ಷೆಯಲ್ಲಿ ಕಂಡ ವೃತ್ತಕ್ಕಿಂತ ಪ್ರತಿ ಬದಿಗೂ 5 ಸೆಂಟಿಮೀಟರ್ ಹೆಚ್ಚಿರಲಿ. ಅಂಚುಗಳನ್ನು ಮಡಿಸಿಕೊಳ್ಳಿ, ಇಲ್ಲದಿದ್ದರೆ ಅದು ರಬ್ಬರನ್ನೂ ತೊಳೆಯುವವರ ಕೈಯನ್ನೂ ಕುಯ್ಯುತ್ತದೆ.

ಮರೆ ಕೆಲಸ ಮಾಡುವುದು ತಗಡಿನಿಂದ ಮಾತ್ರವಲ್ಲ, ತಗಡಿಗೂ ರಬ್ಬರಿಗೂ ನಡುವೆ ಇರುವ ಗಾಳಿಯಿಂದ. ತಗಡನ್ನು ರಬ್ಬರಿಗೆ ಅಂಟಿಸಿ ಬೋಲ್ಟ್ ಬಿಗಿದರೆ ಬಿಸಿ ತಗಡಿನಿಂದ ರಬ್ಬರಿಗೆ ಹಾಗೆಯೇ ಇಳಿದು, ಮರೆ ಇಲ್ಲದಿದ್ದಾಗಿನಷ್ಟೇ ಹಾನಿಯಾಗುತ್ತದೆ. ಆದ್ದರಿಂದ 20ರಿಂದ 25 ಮಿಲಿಮೀಟರ್ ಉದ್ದದ ಸಣ್ಣ ಸ್ಟೀಲ್ ಕೊಳವೆಗಳನ್ನು ಬುಶ್‌ನಂತೆ ನಡುವೆ ಇಟ್ಟು ಬೋಲ್ಟ್ ಹಾಕಬೇಕು. ಸಾಧ್ಯವಾದರೆ ತಗಡಿನ ಹಿಡಿತವನ್ನು ರಬ್ಬರಿಗೆ ಕೊಡದೆ, ಮೇಲಿನ ಕಬ್ಬಿಣದ ಪಟ್ಟಿಗೇ ಕೊಡುವುದು ಇನ್ನೂ ಉತ್ತಮ. ಬಿಸಿಗೆ ತಗಡು ಹಿಗ್ಗುವುದರಿಂದ ಒಂದು ತೂತನ್ನು ದುಂಡಗೂ ಉಳಿದವನ್ನು ಉದ್ದುದ್ದಕ್ಕೂ ಕೊರೆಸಿ. ಕೆಳಭಾಗ ತೆರೆದೇ ಇರಲಿ. ಮಲೆನಾಡಿನಲ್ಲಿ ಮರೆ ಹಾಕಿಸಿಯೂ ರಬ್ಬರ್ ಸುಟ್ಟಿತೆಂದು ದೂರುವವರ ಗಾಡಿಯನ್ನು ನೋಡಿದರೆ, ಬಹಳ ಸಲ ಆ ಬೆರಳಗಲದ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ತುಂಬಿಕೊಂಡಿರುತ್ತದೆ. ಗಾಳಿಯ ಜಾಗದಲ್ಲಿ ಮಣ್ಣು ಬಂದರೆ ಮರೆ ಇದ್ದೂ ಇಲ್ಲದಂತೆ. ಗಾಡಿ ತೊಳೆಯುವಾಗ ಆ ಸಂದಿಗೆ ನೀರು ಬಿಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಹಳೆಯ ದಾಸ್ತಾನಿನಿಂದ ಆಸ್ಬೆಸ್ಟಾಸ್ ಹಾಳೆ ಅಥವಾ ಹಗ್ಗ ತಂದು ಕೊಡುತ್ತೇವೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದರ ನಾರು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ, ಮಡ್‌ಫ್ಲ್ಯಾಪಿನಂತಹ ಅಲುಗಾಡುವ ಜಾಗದಲ್ಲಿ ಅದು ಉದುರದೆ ಇರುವುದಿಲ್ಲ. ಪೈಪಿಗೆ ಫೈಬರ್‌ಗ್ಲಾಸ್ ಪಟ್ಟಿ ಸುತ್ತುವುದನ್ನೂ ನಮ್ಮ ಕಡೆಗೆ ನಾನು ಹೇಳುವುದಿಲ್ಲ. ಆ ಪಟ್ಟಿ ಮಳೆನೀರನ್ನು ಹಿಡಿದಿಟ್ಟುಕೊಂಡು ಪೈಪನ್ನು ಹೊರಗಿನಿಂದ ತುಕ್ಕು ಹಿಡಿಸುತ್ತದೆ, ಅದೂ ಅಲ್ಲದೆ ಪೈಪಿನ ಮೈ ತಂಪಾದರೂ ಬಾಯಿಯಿಂದ ಬರುವ ಹೊಗೆ ತಂಪಾಗುವುದಿಲ್ಲ.

ಪೈಪಿನ ಬಾಯಿ ತಿರುಗಿಸುವ ಮುನ್ನ

ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಬಾಗು ತುಂಡು ಕೂರಿಸಿ ಹೊಗೆಯನ್ನು ಬೇರೆ ಕಡೆಗೆ ತಿರುಗಿಸುವುದು ಹತ್ತು ನಿಮಿಷದ ಕೆಲಸ. ಆದರೆ ಎಲ್ಲಿಗೆ ಬೇಕಾದರೂ ತಿರುಗಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 112ನೇ ನಿಯಮ ಹೊಗೆಯನ್ನು ಗಾಡಿಯ ಎಡಬದಿಗೆ ಬಿಡುವುದನ್ನು ತಡೆಯುತ್ತದೆ. ಎಡಬದಿಯಲ್ಲಿ ನಡೆದು ಹೋಗುವವರಿರುತ್ತಾರೆ. 113ನೇ ನಿಯಮದ ಪ್ರಕಾರ ಪೈಪು ಡೀಸೆಲ್ ಸಾಗುವ ಕೊಳವೆಯಿಂದ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದು. ನೇರ ಕೆಳಮುಖ ಮಾಡುವುದು ಕಾಡಂಚಿನ ಊರುಗಳಲ್ಲಿ ಅಪಾಯಕರವೂ ಹೌದು. ಬೇಸಿಗೆಯಲ್ಲಿ ದರಗಿನ (ಉದುರಿದ ಒಣ ಎಲೆಗಳ) ಮೇಲೆ ಗಾಡಿ ನಿಲ್ಲಿಸಿದಾಗ ಬಿಸಿ ಹೊಗೆ ನೆಲಕ್ಕೆ ಹೊಡೆದರೆ ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬೀಳಲು ಹೆಚ್ಚು ಹೊತ್ತು ಬೇಡ. ಡಿಪಿಎಫ್ ಮಸಿ ಸುಡುತ್ತಿರುವಾಗಲಂತೂ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬಾರದು.

ಹಿಂದಕ್ಕೆ ತಿರುಗಿಸಿದರೂ ಟ್ರೇಲರ್ ಕಟ್ಟಿದಾಗ ಹೊಗೆ ಯಾವುದಕ್ಕೆ ಬಡಿಯುತ್ತದೆಂದು ನೋಡಿಕೊಳ್ಳಿ. ಟ್ರೇಲರ್‌ನ ಲೈಟಿನ ವೈರು, ಟೈರು, ಔಷಧಿಯ ಪ್ಲಾಸ್ಟಿಕ್ ಡ್ರಮ್ಮು ಯಾವುದೂ ಅದರ ದಾರಿಯಲ್ಲಿರಬಾರದು. ಸೇರಿಸುವ ತುಂಡು ಮೂಲ ಪೈಪಿಗಿಂತ ಕಿರಿದಾಗಬಾರದು. ಬಾಯಿ ಗಾಡಿಯ ಮೈ ಅಂಚಿಗಿಂತ ಒಳಗೆ ಉಳಿದರೆ ಹೊಗೆ ಕ್ಯಾಬಿನ್ನಿಗೆ ಬರುವ ಸಂಭವವಿದೆ. ಡಿಪಿಎಫ್ ಇರುವ ಗಾಡಿಯ ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿನಲ್ಲಿ ಕೇಳದೆ ಕತ್ತರಿಸುವುದು, ಬೆಸೆಯುವುದು ಬೇಡ.

ಬಿಸಿಯನ್ನೇ ತಗ್ಗಿಸುವ ಬಗ್ಗೆಯೂ ಒಂದು ಮಾತು ಹೇಳಬೇಕು. ಕಟ್ಟಿಕೊಂಡ ಏರ್ ಫಿಲ್ಟರ್, ಹೆಚ್ಚು ಡೀಸೆಲ್ ಸುರಿಯುವ ಇಂಜೆಕ್ಟರ್, ಟ್ರೇಲರ್‌ನಲ್ಲಿ ಹಿಡಿದುಕೊಂಡಿರುವ ಬ್ರೇಕ್, ಗಾಳಿ ಕಡಿಮೆಯಿರುವ ಟೈರು ಇವೆಲ್ಲ ಹೊಗೆಯ ಬಿಸಿಯನ್ನು ಏರಿಸುತ್ತವೆ. ಘಾಟಿಯ ತುದಿಗೆ ಬಂದ ಕೂಡಲೇ ನಿಲ್ಲಿಸದೆ, ಎಂಜಿನ್‌ಗೆ ಭಾರ ಬೀಳದ ಸಮತಟ್ಟಾದ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ನಿಧಾನವಾಗಿ ಸಾಗಿದರೆ ಪೈಪು ಗಾಳಿಗೆ ತಣಿಯುತ್ತದೆ, ಟರ್ಬೋಗೂ ಒಳ್ಳೆಯದು.

ಯಾವಾಗ ನೋಡಬೇಕು

ನಾನು ವರ್ಷಕ್ಕೆ ಮೂರು ಸಲ ಕೆಳಗೆ ಮಲಗಿ ನೋಡುತ್ತೇನೆ: ಮೇ ತಿಂಗಳಲ್ಲಿ ಮಳೆಗೆ ಮುನ್ನ, ಔಷಧಿ ಹೊಡೆಯುವ ಕೆಲಸ ಮುಗಿದ ಮೇಲೆ, ಮತ್ತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ. ಪೈಪಿನ ಎದುರಿನ ರಬ್ಬರನ್ನು ಬೆರಳಿನಿಂದ ಮಡಿಸಿದಾಗ ಉಳಿದ ಭಾಗಕ್ಕಿಂತ ಗಡುಸಾಗಿದ್ದರೆ, ಮೇಲ್ಮೈ ಹೊಳಪಾಗಿ ಕೂದಲೆಳೆಯ ಬಿರುಕುಗಳು ಕಂಡರೆ ಬಿಸಿ ಈಗಾಗಲೇ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಬಿಸಿ 10 ಡಿಗ್ರಿ ಏರಿದಾಗಲೆಲ್ಲ ರಬ್ಬರ್ ಹಳೆಯದಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ಮಳೆಗಾಲ ಪೂರ್ತಿ ಚೆನ್ನಾಗಿದ್ದದ್ದು ಬೇಸಿಗೆಯ ಎರಡು ಸುತ್ತಿನಲ್ಲೇ ಬಿರಿಯಬಹುದು. ಸೈಲೆನ್ಸರಿನ ಜೋಡಣೆಗಳ ಬಳಿ ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ, ಅದನ್ನೂ ಆಗಲೇ ಸರಿಪಡಿಸಿಬಿಡಿ.

ದಾರಿಯಲ್ಲಿಯೇ ಹೊಗೆಯಾಡಿದರೆ

ಅಗಲವಾದ ಜಾಗ ನೋಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಗಾಡಿಯ ಚಕ್ರಕ್ಕೂ ಟ್ರೇಲರ್‌ನ ಚಕ್ರಕ್ಕೂ ಕಲ್ಲು ಕೊಡಿ. ನೀರನ್ನು ರಬ್ಬರಿನ ಮೇಲೆ ಮಾತ್ರ ಹಾಕಬೇಕು. ಕಾದ ಪೈಪಿನ ಮೇಲೆ ಸುರಿದರೆ ಹಬೆ ಎದ್ದು ಮುಖ ಸುಡಬಹುದು. ಪಿವಿಸಿ ಸುಟ್ಟರೆ ಬರುವ ಹೊಗೆ ಕಣ್ಣು ಮತ್ತು ಗಂಟಲಿಗೆ ಕೆಟ್ಟದ್ದು, ಆದ್ದರಿಂದ ಗಾಳಿ ನಿಮ್ಮ ಬೆನ್ನಿಗೆ ಬೀಸುವ ಬದಿಯಲ್ಲಿ ನಿಲ್ಲಿ. ಜ್ವಾಲೆ ಕಂಡರೆ ಗಾಡಿಯಲ್ಲಿರುವ ಪುಡಿಯ ಅಗ್ನಿಶಾಮಕವನ್ನು ಬಳಸಿ, ಟ್ರೇಲರ್‌ನಲ್ಲಿ ಪೆಟ್ರೋಲ್ ಕ್ಯಾನ್ ಇದ್ದರೆ ಮೊದಲು ಅದನ್ನು ದೂರಕ್ಕೆ ಸಾಗಿಸಿ. ಎಲ್ಲ ತಣಿದ ಮೇಲೆ ಸುಟ್ಟ ಭಾಗವನ್ನು ಕತ್ತಿಯಿಂದ ಪೈಪಿನ ಸುತ್ತ ದುಂಡಗೆ ಕೊಯ್ದು ತೆಗೆದರೆ ಮನೆಯವರೆಗೆ ಬರಲು ತೊಂದರೆಯಿಲ್ಲ. ಆ ಬಿಡುವಿನಿಂದ ಟ್ರೇಲರ್‌ಗೆ ಕಲ್ಲು ಸಿಡಿಯುವುದರಿಂದ ಜಲ್ಲಿ ಎದ್ದ ದಾರಿಯಲ್ಲಿ ನಿಧಾನವಾಗಿ ಬನ್ನಿ. ಇದಕ್ಕಾಗಿಯೇ ಟೂಲ್ ಪೆಟ್ಟಿಗೆಯಲ್ಲಿ ಒಂದು ಹರಿತವಾದ ಕತ್ತಿ, ಗಟ್ಟಿ ತಂತಿಯ ಒಂದು ಸುರುಳಿ ಮತ್ತು ಹಿಂದಿನ ಹ್ಯಾಂಗರಿಗೆ ಹೊಂದುವ ಒಂದು ರಬ್ಬರನ್ನು ನಾನು ಯಾವಾಗಲೂ ಇಟ್ಟುಕೊಂಡಿರುತ್ತೇನೆ.